ಎಣ್ಣಿ ಕುಡದ ಚೆಂಡು

ಡ್ರಿಲ್ ಮಾಸ್ತರಕಿ ಮಾಡಿದವ ಒಂದು ದಿನಾನೂ ಮರ್ಯಾದಿಲೆ ಕಳದಿದ್ರ ಹೇಳ್ರಿ! ಏನಾರ ಒಂದು ಆಗೇ ಆಗತೈತಿ. ಅದರಾಗ ನಾನು ಕುಂತಲ್ಲಿ ಕುಂದರಾವಲ್ಲ. ಸ್ವಾತಂತ್ರ್ಯ ಬರೂ ಮುಂಚಿನ ಮಾತಿದು. ಗೋಕಾಕದ ಸಾಲಿ ಬಯಲಾಗ ಎರಡು ಕಂಬ ನೆಟ್ಟು, ಮ್ಯಾಲ ದುಂಡನ ಕಬ್ಬಿಣದ ಬಳಿ ಬಡದು ಬಾಸ್ಕೆಟ್‌ಬಾಲ್ ಸುರು ಮಾಡಿದ್ದೆ. ಹೆಡ್‌ಮಾಸ್ತರಿಗೆ ಅದು ಕಣ್ಣಾಗಿನ ಕಸ.

"ಪಂದ್ಯಾದಾಗ ಹುಕ್ಕೇರಿ ಸಾಲಿಯವರ ಮುಂದ ಸೋತ್ರಿ ಅಂದ್ರ ಕಂಬ ಕೀಳಸ್ತೇನಿ. ಬಯಲು ಮೆಣಸಿನಕಾಯಿ ಒಣಗಸಾಕ ಕೊಡ್ತೇನಿ," ಅಂದ್ರು.

ಅವತ್ತಿಂದ ನನಗ ಊಟ ರುಚಿಸಲಿಲ್ಲ, ನಿದ್ದಿ ಹತ್ತಲಿಲ್ಲ.

ನೆನಿ ಇಟ್ಟದ್ದು

ಇದ್ದದ್ದು ಒಂದ ತೊಗಲಿನ ಚೆಂಡು, ಹೊಸಾದು, ಬಿರುಸು. ನಮ್ಮ ಕ್ಯಾಪ್ಟನ್ ಮೂಡಲಗಿ ಕಡೆ ಒಕ್ಕಲುತನದ ಮನಿ ಹುಡುಗ. "ಮೆತ್ತಗ ಮಾಡ್ಕೊಂಡು ಬರ್ತೇನ್ರಿ ಸರ" ಅಂತ ಊರಿಗೆ ಒಯ್ದ. ತಿರಿಗಿ ತಂದಾಗ ಎತ್ತಿದ್ರ ಕುಂಬಳಕಾಯಿ ಭಾರ!

"ಏನ್ ಮಾಡಿದಿಲೇ ಇದಕ್ಕ?"

"ಬಾವ್ಯಾಗಿಂದ ನೀರೆತ್ತೂ ತೊಗಲಿನ ಮೊಟ್ಟಿ ಹೊಸಾದಿದ್ದಾಗ ನೆನಿ ಇಡ್ತೇವಲ್ರಿ ಸರ. ಇದನ್ನೂ ದನ ನೀರು ಕುಡಿಯೂ ದ್ವಾಣ್ಯಾಗ ಹಾಕಿ, ಮ್ಯಾಲ ಕಲ್ಲು ಹೇರಿದ್ದೆ."

ಒಗದ್ರ ಚೆಂಡು ಬಳಿ ಮುಟ್ಟಲಿಲ್ಲ, ಕೆಳಗ ನಿಂತ ನನ್ನ ಹೆಗಲು ಮುಟ್ಟಿತು. ನಾನು ಹೆಗಲು ಹಿಡ್ಕೊಂಡು ಕುಣ್ಯಾಕತ್ರ ಅಂವ ಸಮಾಧಾನ ಹೇಳಿದ: "ಒಂದು ಹನಿನೂ ಸೋರವಲ್ದ್ರಿ ಸರ, ಹೊಲಿಗಿ ಭಾಳ ಛಲೋ ಐತಿ!"

ತಿಕ್ಕಿದ್ದು

ಬಿಸಲಿಗಿಟ್ಟೆ. ಒಣಗಿ ಕಟಕ ರೊಟ್ಟಿ ಆತು. ಆ ಹುಡುಗನ ಅಜ್ಜ ಕನಿಕರಪಟ್ಟು, ಮೊಟ್ಟಿಗೆ ತಿಕ್ಕೂ ಹಂಗ ಚೆಂಡಿಗೂ ಔಡಲೆಣ್ಣಿ ತಿಕ್ಕಿದ. ಆತಲ್ಲ, ಎಣ್ಣಿ ಕುಡದು ಮತ್ತ ಭಾರ ಆತು, ಮುಂದ ಒಗದ್ರ ಹಿಂದ ಜಾರತಿತ್ತು! ಹುಡುಗರು ಕೈಗೆ ಹುಡಿಮಣ್ಣು ಹಚ್ಕೊಂಡು ಹೆಂಗೋ ರೂಢಿ ಮಾಡ್ಕೊಂಡ್ರು. ನಾನು ಸಿಟ್ಟಿಗೆದ್ದು ಅಜ್ಜನ್ನ ಕೇಳಾಕ ಹೋದ್ರ, ಅಂವ ಬೆನ್ನ ಚಪ್ಪರಿಸಿದ.

"ಕಾಳಜಿ ಬಿಡ್ರಿ ಮಾಸ್ತರ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದಕ್ಕ ಹುಳ ಹತ್ತಂಗಿಲ್ಲ!"

ಹುಕ್ಕೇರ್ಯಾಗ ಆದದ್ದು

ಮೊದಲ ಅರ್ಧ ಆಟ ಅವರ ಚೆಂಡಿನ್ಯಾಗ, ಉಳದರ್ಧ ನಮ್ಮ ಚೆಂಡಿನ್ಯಾಗ ಅಂತ ಮಾತಾಗಿತ್ತು. ಅವರದು ರಬ್ಬರ್ ಚೆಂಡು, ಹಗೂರ. ಭಾರಾದ್ದು ಒಗದು ರೂಢಿ ಬಿದ್ದ ನಮ್ಮವರು ಒಗದ್ರ ಅದು ಬಳಿ ಹಿಂದಿನ ಹಲಗಿ ದಾಟಿ ಬೇಲಿ ಆಚೆ! ನಾವು ಹಿಂದ ಬಿದ್ವಿ. ಹೆಡ್‌ಮಾಸ್ತರು ನನ್ನ ನೋಡಿ ಮೀಸಿ ತೀಡಾಕತ್ರು. ನಾನು ಕುಂದರೂದು, ಏಳೂದು, ಮತ್ತ ಕುಂದರೂದು.

ಆಮ್ಯಾಲ ನಮ್ಮ ಎಣ್ಣಿ ಚೆಂಡು ಇಳೀತು. ಹುಕ್ಕೇರಿ ಹುಡುಗರ ಕೈಯಾಗ ಅದು ನಿಂತ್ರ ಕೇಳ್ರಿ! ನಮ್ಮವರು ಮಣ್ಣು ತಿಕ್ಕೊಂಡು ಸರಿಸಮ ಮಾಡಿದ್ರು. ಆಟ ಮುಗಿಸೂ ಸೀಟಿ ಊದೂದು ಇನ್ನೇನು ಬಂತು, ಆಗ ಅವರ ಕಡೆ ಎತ್ತರದ ಹುಡುಗ ತಮ್ಮ ಕಬ್ಬಿಣದ ಬಳಿ ಕೆಳಗ ನಿಂತು ಚೆಂಡು ಮುಂದ ಒಗಿಯಾಕ ಹೋದ. ಅದು ಕೈ ಜಾರಿ, ತಲಿ ಮ್ಯಾಲಿಂದ ಹಿಂದ ಹಾರಿ, ಅವರದ ಬಳಿಯೊಳಗ ಬಿತ್ತು. ಲೆಕ್ಕ ನಮಗ! ಗೆದ್ವಿ!

ಹೆಡ್‌ಮಾಸ್ತರು ಓಡಿ ಬಂದ್ರು. "ಕಂಬ ಇರಲಿ ಮಾಸ್ತರ! ಆ ಎತ್ತರದ ಹುಡುಗಗ ನಾಳೆ ಸಾಲ್ಯಾಗ ಶಾಲು ಹೊಚ್ಚೂಣು."

"ಸರ, ಅಂವ ಅವರ ಕಡೆಯಂವ್ರಿ."

"ಆದ್ರೇನಾತ್ರಿ? ಕಂಬ ಉಳಿಸಿದಂವ ಅಂವನ ಅಲ್ಲೇನು? ನಿಮ್ಮವರನ್ನ ನಂಬಿ ಕುಂತಿದ್ರ ಇಷ್ಟೊತ್ತಿಗೆ ಮೆಣಸಿನಕಾಯಿ ಹರವಿರತಿದ್ವಿ!"