ಭಾವನ ಉಗ್ರಾಣಕ್ಕೆ ಹೊಸ ಡಿಸ್ಕ್

ನಮ್ಮ ಭಾವನ ಮನೆಯಲ್ಲಿ ಒಂದು ಏರ್ ಕೂಲರ್ ಇತ್ತು. ಆದರೆ ಅದರ ಗಾಳಿ ಮನುಷ್ಯರಿಗಲ್ಲ! ಘಾಜಿಯಾಬಾದಿನ ಮೇ ತಿಂಗಳಲ್ಲಿ, ಮೂರನೇ ಮಹಡಿಯ ಆ ಫ್ಲ್ಯಾಟಿನ ಗೋಡೆಗಳೇ ಕಾದ ಕಾವಲಿಯಂತಾಗಿರುವಾಗ, ಅಕ್ಕ ಹಳೆಯ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿರುತ್ತಿದ್ದಳು. ಕೂಲರ್ ಮಾತ್ರ ನಮಗೆಲ್ಲ ಬೆನ್ನು ತಿರುಗಿಸಿ, ಮೂಲೆಯ ಸ್ಟೂಲಿನ ಮೇಲಿದ್ದ ಬೂಟಿನ ಡಬ್ಬಿಯಷ್ಟು ಗಾತ್ರದ ಕಪ್ಪು ಪೆಟ್ಟಿಗೆಯೊಂದಕ್ಕೆ ಗಾಳಿ ಹಾಕುತ್ತಿತ್ತು. ಅದೂ ನೀರಿಲ್ಲದೆ! ಒದ್ದೆ ಗಾಳಿ ಪೆಟ್ಟಿಗೆಗೆ ಆಗಿಬರುವುದಿಲ್ಲವಂತೆ.

"ಮನೆಗೆ ಬಂದ ನಾದಿನಿಗಿಂತ ಆ ಡಬ್ಬಿ ಹೆಚ್ಚಾಯ್ತಾ ಭಾವ?" ಎಂದು ಒಮ್ಮೆ ಕೇಳಿದೆ.

"ನಿನಗೆ ಸೆಕೆಯಾದರೆ ನೀನು ಬಾಯಿಬಿಟ್ಟು ಹೇಳ್ತೀಯಮ್ಮ. ಅದು ಪಾಪ, ಹೇಳಲ್ಲ. ಸೀದಾ ಸತ್ತೇ ಹೋಗುತ್ತೆ," ಎಂದರು.

ಇಂಥವರೊಂದಿಗೆ ಏನು ವಾದ ಮಾಡುತ್ತೀರಿ?

ನಾನಾಗ ದೆಹಲಿಯ ಲಕ್ಷ್ಮೀ ನಗರದ ಬಾಡಿಗೆ ಕೋಣೆಯೊಂದರಲ್ಲಿದ್ದುಕೊಂಡು, ಅಲ್ಲಿನ ಒಂದು ಕೋಚಿಂಗ್ ಸಂಸ್ಥೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುವುದು, ಸಾರು ಅನ್ನ ಉಣ್ಣುವುದು, ಭಾವನನ್ನು ಹೀಯಾಳಿಸುವುದು. ಈ ಮೂರರಲ್ಲಿ ಯಾವುದಕ್ಕಾಗಿ ಹೋಗುತ್ತಿದ್ದೆ ಎಂದು ಕೇಳಿದರೆ ಸಾರು ಎಂದು ಹೇಳುವಷ್ಟು ಸಭ್ಯತೆ ನನಗಿದೆ.

ಭಾವ ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್. ಆ ಪೆಟ್ಟಿಗೆಗೆ ಅವರು ಇಟ್ಟ ಹೆಸರು 'ಉಗ್ರಾಣ'. ಮನೆಯ ಎಲ್ಲ ಕಂಪ್ಯೂಟರುಗಳೂ ತಂತಿಯ ಮೂಲಕ ತಮ್ಮ ಫೈಲುಗಳನ್ನು ತಂದು ಅದರಲ್ಲಿ ಸುರಿಯಬೇಕು, ಯಾರು ಬೇಕಾದರೂ ಯಾವಾಗ ಬೇಕಾದರೂ ತೆಗೆದು ನೋಡಬಹುದು. ಅದಕ್ಕೆ ಅಂತಲೇ ಹುಟ್ಟಿದ ಯಂತ್ರ ಅದು. ಸರಿ, ಆ ಮನೆಯಲ್ಲಿ ಕಂಪ್ಯೂಟರುಗಳು ಎಷ್ಟಿದ್ದವು? ಒಂದು!

ಪೆಟ್ಟಿಗೆಯೊಳಗೆ ಎರಡು ಹಾರ್ಡ್ ಡಿಸ್ಕ್. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ. ಒಂದು ಸತ್ತರೆ ಇನ್ನೊಂದು ಕಾಯುತ್ತದೆ. ಅಷ್ಟು ಜೋಪಾನವಾಗಿ ಕಾಯುವಂಥದ್ದು ಏನಿತ್ತು ಅಂತೀರಾ? ಟಿವಿಯಿಂದ ಇಳಿಸಿಕೊಂಡ ಸಂಸತ್ತಿನ ಕಲಾಪ, ಗಂಟೆಗಟ್ಟಲೆ. ಗ್ಯಾಸ್ ಸಿಲಿಂಡರಿನ ರಸೀದಿಗಳ ಚಿತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಎದುರಿನ ಕಟ್ಟಡದ ನೀರಿನ ಟ್ಯಾಂಕು! ಆ ಫ್ಲ್ಯಾಟಿಗೆ ಬಂದ ಮೊದಲ ದಿನದಿಂದಲೂ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಬಾಲ್ಕನಿಯಲ್ಲಿ ನಿಂತು ಅದೇ ಟ್ಯಾಂಕಿನ ಒಂದು ಫೋಟೋ. ಜನವರಿಯ ಮಂಜಿನಲ್ಲಿ ಟ್ಯಾಂಕು ಕಾಣುವುದೇ ಇಲ್ಲ. ಆಗಲೂ ತೆಗೆಯುತ್ತಿದ್ದರು.

"ಇದರಲ್ಲಿ ಏನಿದೆ ಭಾವ? ಬರೀ ಬೆಳ್ಳಗಿದೆಯಲ್ಲ?"

"ಟ್ಯಾಂಕಿದೆ. ಮಂಜು ಅಡ್ಡ ಬಂದಿದೆ ಅಷ್ಟೇ."

ಅಕ್ಕನ ಮಗಳಿಗಾಗ ಹದಿನಾಲ್ಕು. ದೆಹಲಿಯಲ್ಲೇ ಬೆಳೆದವಳು, ಕನ್ನಡ ಅರ್ಥವಾದರೂ ನಾಲಿಗೆಗೆ ಹಿಂದಿಯೇ ಹತ್ತಿರ. ಅವಳ ತೀರ್ಪು ಇನ್ನೂ ಚುಟುಕು: "ಚಿಕ್ಕಮ್ಮಾ, ಪಪ್ಪಾ ಥೋಡಾ ಪಾಗಲ್ ಇದಾರೆ, ಬಟ್ ಹಾರ್ಮ್‌ಲೆಸ್!"

ಒಂದು ದಿನ ಉಗ್ರಾಣ ತುಂಬಿತು. ನೂರಾ ಅರವತ್ತು ಜಿಬಿಯೂ ಭರ್ತಿ! ಬೇರೆ ಯಾರಾದರೂ ಸಂಸತ್ತಿನ ಒಂದೆರಡು ಅಧಿವೇಶನಗಳನ್ನು ಅಳಿಸಿ ಸುಮ್ಮನಾಗುತ್ತಿದ್ದರು. ಭಾವ ಒಂದು ಫೈಲು ತೆರೆದರು. ನಿಜವಾದ ಫೈಲು, ಕಂದು ರಟ್ಟು, ಕೆಂಪು ದಾರ! 'ಹಾಲಿ ಇರುವ ಎರಡು ಡಿಸ್ಕುಗಳ ಬದಲಿಗೆ ತಲಾ ಒಂದು ಟಿಬಿಯ ಎರಡು ಡಿಸ್ಕುಗಳನ್ನು ಅಳವಡಿಸುವ ವಿಷಯ' ಎಂದು ಟಿಪ್ಪಣಿ ಬರೆದು, ಒಪ್ಪಿಗೆಗಾಗಿ ಅಕ್ಕನ ಮುಂದಿಟ್ಟರು. ಅಕ್ಕ ಒಗ್ಗರಣೆ ಹಾಕುತ್ತಿದ್ದಳು. ಎಣ್ಣೆ ಕೈಯಲ್ಲೇ 'ಚರ್ಚಿಸಿ' ಎಂದು ಬರೆದು ವಾಪಸು ಕೊಟ್ಟಳು! ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ ಅವಳಿಗೂ ಸರ್ಕಾರಿ ಪದ್ಧತಿ ಬಂದಿತ್ತು.

ಅಂತೂ ಒಪ್ಪಿಗೆ ಸಿಕ್ಕಿ ಡಿಸ್ಕುಗಳು ಬಂದವು. ಕ್ರಮ ಏನೆಂದರೆ, ಮೊದಲು ಹಳೆಯದೊಂದನ್ನು ತೆಗೆದು ಅಲ್ಲಿ ದೊಡ್ಡದನ್ನು ಕೂರಿಸಬೇಕು. ಉಳಿದ ಹಳೆಯದು ತನ್ನಲ್ಲಿರುವುದನ್ನೆಲ್ಲ ಅದಕ್ಕೆ ಬರೆದುಕೊಡುತ್ತದೆ. ಆಮೇಲೆ ಎರಡನೆಯದಕ್ಕೂ ಅದೇ ಉಪಚಾರ. ಭಾವ ಸ್ನಾನ ಮಾಡಿ ಬಂದು ಸ್ಕ್ರೂ ಡ್ರೈವರ್ ಹಿಡಿದರು. ಹಳೆಯದು ಹೊರಗೆ, ಹೊಸದು ಒಳಗೆ. ಪೆಟ್ಟಿಗೆಯ ಮೇಲೆ ಕೆಂಪು ದೀಪ. ಆ ಕಾಲದ ಪೆಟ್ಟಿಗೆಗೆ ಅಷ್ಟು ದೊಡ್ಡ ಡಿಸ್ಕೊಂದು ಲೋಕದಲ್ಲಿ ಹುಟ್ಟೀತೆಂಬ ಕಲ್ಪನೆಯೇ ಇರಲಿಲ್ಲ, ಪಾಪ!

"ತಾವು ಕಂಡಿಲ್ಲದ್ದನ್ನು ಇಲ್ಲ ಅನ್ನೋರು ನಮ್ಮ ಆಫೀಸಿನಲ್ಲೂ ಇದ್ದಾರೆ," ಎಂದರು ಭಾವ, ಸ್ವಲ್ಪವೂ ಕುಗ್ಗದೆ.

ಪೆಟ್ಟಿಗೆ ಮಾಡಿದ ಕಂಪನಿಗೆ ಪತ್ರ ಬರೆದರು. ಈ ಮಾದರಿ ನಿಂತು ವರ್ಷಗಳಾದವು, ಹೊಸದು ಕೊಳ್ಳಿ ಎಂದು ಉತ್ತರ ಬಂತು. "ಹಾಗಂತ ನನಗೆ ವಯಸ್ಸಾದರೆ ನಿಮ್ಮಕ್ಕ ಹೊಸಬರನ್ನು ತರ್ತಾಳಾ?" ಎಂದು ನನ್ನನ್ನು ಕೇಳಿದರು. ಅಡುಗೆಮನೆಯಿಂದ ಅಕ್ಕ, "ಫೈಲು ಕಳಿಸಿ, ಪರಿಶೀಲಿಸ್ತೀನಿ," ಎಂದಳು.

ಎರಡು ವಾರ ಇಂಟರ್ನೆಟ್ಟಿನಲ್ಲಿ ಹುಡುಕಿ, ಯಾವುದೋ ದೇಶದ ಇವರಂಥವನೇ ಒಬ್ಬ ಈ ಪೆಟ್ಟಿಗೆಗೆಂದು ಬರೆದಿಟ್ಟಿದ್ದ ಹೊಸ ತಂತ್ರಾಂಶವನ್ನು ಪತ್ತೆಹಚ್ಚಿದರು. ಅಂದರೆ ಲೋಕದಲ್ಲಿ ಇಂಥವರು ಇಬ್ಬರಿದ್ದಾರೆ!

ಈ ಎರಡು ವಾರಗಳಲ್ಲಿ ಅವರು ಮಾಡಿದ ಘನಕಾರ್ಯ ಇನ್ನೊಂದಿತ್ತು. ಹೊರತೆಗೆದ ಹಳೆಯ ಡಿಸ್ಕನ್ನು ಪೂರ್ತಿ ಅಳಿಸಿ, ಕೆಳಮನೆಯ ಸರ್ದಾರ್ಜಿಗೆ ದಾನ ಮಾಡಿಬಿಟ್ಟಿದ್ದರು. ಕೆಲಸ ಮುಗಿಯುವ ಮೊದಲೇ! "ಇನ್ನೊಂದರಲ್ಲಿ ಎಲ್ಲಾ ಇದೆಯಲ್ಲಮ್ಮ," ಎಂದರು. ಜೋಪಾನಕ್ಕೆಂದೇ ಎರಡೆರಡು ಇಟ್ಟುಕೊಂಡ ಮಹಾಶಯರ ಬುದ್ಧಿ ನೋಡಿ!

ಮುಂದಿನ ಭಾನುವಾರ ನಾನು ಹೋದಾಗ ಪೆಟ್ಟಿಗೆ ಹೊಸ ಡಿಸ್ಕನ್ನು ಒಪ್ಪಿಕೊಂಡು ಬರೆಯತೊಡಗಿತ್ತು. ಹನ್ನೊಂದು ಗಂಟೆಗೆ ಸರಿಯಾಗಿ ಕರೆಂಟು ಹೋಯಿತು. ಘಾಜಿಯಾಬಾದಿನಲ್ಲಿ ಅದು ವಿಶೇಷವಲ್ಲ. ಇನ್ವರ್ಟರಿನಿಂದ ಫ್ಯಾನಿನ ತಂತಿ ಕಿತ್ತು ಉಗ್ರಾಣಕ್ಕೆ ಕೊಟ್ಟಿದ್ದರು ನೋಡಿ, ಅದು ವಿಶೇಷ! ನಾವು ಮೂವರೂ ಬೆವರುತ್ತ ಅವರನ್ನು ಬೈಯುತ್ತಿದ್ದೆವು. ಆಗ ಪೆಟ್ಟಿಗೆಯೊಳಗಿಂದ 'ಟಕ್' ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ, 'ಟಕ್, ಟಕ್'.

ಭಾವನ ಮುಖ ಬಿಳಿಚಿತು. ಸಾಯುತ್ತಿದ್ದದ್ದು ಹಳೆಯ ಡಿಸ್ಕು. ಎಲ್ಲವೂ ಇದ್ದ ಒಂದೇ ಒಂದು ಡಿಸ್ಕು!

ಅಳಿಸಿದ ಡಿಸ್ಕಿನಿಂದಲಾದರೂ ಏನಾದರೂ ಸಿಕ್ಕೀತೇನೋ ಎಂದು ಅಕ್ಕ ಕೆಳಗೆ ಸರ್ದಾರ್ಜಿಯ ಮನೆಗೆ ಓಡಿದಳು. ಐದು ನಿಮಿಷದಲ್ಲಿ ಏದುಸಿರು ಬಿಡುತ್ತ ವಾಪಸು ಬಂದಳು. "ಅದರ ತುಂಬಾ ಅವರ ಸೋದರಳಿಯನ ಮದುವೆ ವೀಡಿಯೋ ತುಂಬಿಸಿದ್ದಾರಂತೆ ರೀ! ಕೂರಿಸಿ ಭಾಂಗ್ಡಾ ತೋರಿಸೋಕೆ ಹೊರಟಿದ್ದರು," ಎಂದಳು. ನಾನು ಬಿದ್ದು ಬಿದ್ದು ನಕ್ಕೆ. ಸಂಸತ್ತು ಹೋಗಿ ಭಾಂಗ್ಡಾ ಬಂತಲ್ಲ! ಭಾವ ನಗಲಿಲ್ಲ. ಆಗುತ್ತಿದ್ದ ಬರವಣಿಗೆಯನ್ನು ನಿಲ್ಲಿಸಿ, ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಒಂದೊಂದೇ ಫೈಲನ್ನು ಹೊರಗೆಳೆಯತೊಡಗಿದರು. ಒಂದು ಬರುವುದು, 'ಟಕ್' ಎನ್ನುವುದು, ಮತ್ತೊಂದು ಬರುವುದು. ಊಟಕ್ಕೂ ಏಳಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಸದ್ದು ನಿಂತಿತು. ಡಿಸ್ಕು ಶಾಶ್ವತವಾಗಿ ಸುಮ್ಮನಾಯಿತು.

"ಎಷ್ಟು ಟ್ಯಾಂಕು ಉಳೀತು ಭಾವ?" ಎಂದೆ. ನನ್ನ ನಾಲಿಗೆಯೇ ಹಾಗೆ.

"ಒಂದೂ ಇಲ್ಲಮ್ಮ," ಎಂದು ಎದ್ದು ಮುಖ ತೊಳೆಯಲು ಹೋದರು.

ಆರು ವರ್ಷದ ಬೆಳಗುಗಳಲ್ಲಿ ಒಂದೂ ಇಲ್ಲ. ಹಾಗಾದರೆ ಇಷ್ಟು ಹೊತ್ತು ಎಳೆದದ್ದೇನು? ಪರದೆಯ ಮೇಲೆ ಎರಡೇ ಫೋಲ್ಡರುಗಳಿದ್ದವು. ಎರಡನೆಯದು ಮಗಳ ಫೋಟೋಗಳು, ಅರ್ಧಕ್ಕೇ ನಿಂತಿದ್ದವು. ಮೊದಲನೆಯದು ಪೂರ್ತಿಯಾಗಿ ಬಂದಿತ್ತು. ಅದಕ್ಕೆ ನನ್ನ ಹೆಸರಿತ್ತು.

ಅದಕ್ಕೆ ಮೂರು ವರ್ಷ ಮೊದಲು ನನಗೆ ಥೈರಾಯ್ಡ್ ಶಸ್ತ್ರಚಿಕಿತ್ಸೆಯಾಗಿತ್ತು. ದನಿ ಹೋಗಬಹುದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು, ಹೋಯಿತು. ಉಳಿದದ್ದು ಗೊಗ್ಗರು ಮಾತು. ತರಗತಿಯಲ್ಲಿ ಮೈಕು ಹಿಡಿದು ಪಾಠ ಮಾಡುತ್ತಿದ್ದೆ. ಅದಕ್ಕೂ ಮೊದಲು ನಾನು ಹಾಡುತ್ತಿದ್ದೆ. ದೆಹಲಿಯ ಕನ್ನಡದವರ ಸತ್ಯನಾರಾಯಣ ಪೂಜೆ, ಸೀಮಂತ, ನಾಮಕರಣ, ಎಲ್ಲಿ ಕರೆದರೂ. ಅದನ್ನು ಯಾರಾದರೂ ಧ್ವನಿಮುದ್ರಿಸಿಕೊಳ್ಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಹಾಡಿನ ಮಾತನ್ನೇ ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಫೋಲ್ಡರಿನಲ್ಲಿ ನಲವತ್ತೊಂದು ಹಾಡುಗಳಿದ್ದವು. ಒಂದೊಂದಕ್ಕೂ ಊರು, ಮನೆ, ರಾಗ ಬರೆದಿತ್ತು. ಒಂದರ ಮೇಲೆ ಒತ್ತಿದೆ. ನನ್ನ ದನಿ ಬಂತು. ತುಂಬಿದ, ಸಲೀಸಾದ, ಮೇಲಿನ ಷಡ್ಜಕ್ಕೆ ಹೆದರದ ದನಿ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಭಾವ ಟವೆಲ್ಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನೀನೇ ಕೇಳೋ ತನಕ ಕೊಡಬಾರದು ಅಂತಿದ್ದೆ," ಎಂದರು. "ಇದರಲ್ಲಿ ಚರಣದ ಹತ್ತಿರ ನಾನು ಕೆಮ್ಮಿಬಿಟ್ಟಿದ್ದೀನಿ. ತಪ್ಪಾಯ್ತು. ಬೇಕಾದರೆ ಅದೊಂದನ್ನ ಅಳಿಸಿಕೊಡ್ತೀನಿ."

ಅಷ್ಟರಲ್ಲಿ ಚರಣ ಬಂತು. ಕೆಮ್ಮೂ ಬಂತು, ಅದುಮಿಡಲು ಒದ್ದಾಡಿ ಸೋತ, ಸೆಕ್ಷನ್ ಆಫೀಸರರ ಕೆಮ್ಮು.

"ಬೇಡ ಭಾವ, ಇರಲಿ," ಎಂದೆ. ಆ ಮಾತೂ ಗೊಗ್ಗರಾಗಿಯೇ ಬಂತು. ಆದರೆ ಅದಕ್ಕೆ ಶಸ್ತ್ರಚಿಕಿತ್ಸೆ ಕಾರಣವಾಗಿರಲಿಲ್ಲ.