ಲಿಲಾವಿನ ಕಾಕಾನ ಮೂರು ಶಿಬಿರ

ಇದು ನಡೆದದ್ದು ಕಳೆದ ವರ್ಷ, ದೀಪಾವಳಿ ಮುಗಿದು ಕ್ರಿಸ್ಮಸ್ ಬರುವುದರೊಳಗೆ. ಕಣ್ಣಿನ ಶಿಬಿರಗಳಲ್ಲಿ ನಗುವಂಥವು ಆಗುತ್ತಲೇ ಇರುತ್ತವೆ. ಸರಿಯಾಗಿ ಕಾಣದವರೆಲ್ಲ ಒಂದೇ ಅಂಗಳದಲ್ಲಿ ಸೇರಿದರೆ ಬೇರೇನಾದೀತು?

ನಾನು ಬಿ.ಎಸ್ಸಿ. ಮುಗಿಸಿ, ಕಣ್ಣು ಪರೀಕ್ಷಿಸುವ ಕೋರ್ಸು ಕಲಿತವಳು. ಗಜೇಂದ್ರಗಡದಲ್ಲಿ ನಮ್ಮ ಚರ್ಚಿನವರು ನಡೆಸುವ ಸಣ್ಣ ದವಾಖಾನೆಯಲ್ಲಿ ಕೆಲಸಕ್ಕಿದ್ದೇನೆ. ದವಾಖಾನೆ ನೋಡಿಕೊಳ್ಳುವವರು ಒಬ್ಬ ನಿವೃತ್ತ ನರ್ಸು; ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಾರೆ. ಆಪರೇಷನ್ ಮಾಡುವ ಡಾಕ್ಟರು ಗದಗಿನಿಂದ ಬರುತ್ತಾರೆ. ಖರ್ಚಿಗೆ ಒಪ್ಪಿಗೆ ಕೊಡುವವರು ಚರ್ಚಿನ ಖಜಾಂಚಿ.

೧. ಮಾರಿ ನೋಡಿ ಅಳತೆ

ಶಿಬಿರದಲ್ಲಿ ನಂಬರು ಕೂಗಿ ರೋಗಿಗಳನ್ನು ಒಳಗೆ ಕಳಿಸಲು ಒಬ್ಬರು ಬೇಕಾಗಿದ್ದರು. ಕೇಳಿಕೊಂಡು ಬಂದವರು ಒಬ್ಬರೇ. ರೋಣದ ಮಾರುಕಟ್ಟೆಯಲ್ಲಿ ಕಡಲೆ, ಹೆಸರು, ಮೆಣಸಿನಕಾಯಿಯ ಲಿಲಾವು, ಅಂದರೆ ಹರಾಜು, ಕೂಗಿ ಕೂದಲು ಬೆಳ್ಳಗಾದವರು; ಊರಿಗೆಲ್ಲ ಲಿಲಾವಿನ ಕಾಕಾ. ಈಗ ಅಲ್ಲಿ ವ್ಯಾಪಾರಿಗಳು ರೇಟನ್ನು ಮೊಬೈಲಿನಲ್ಲೇ ಹಾಕುತ್ತಾರೆ. ಬಾಯಿಗೆ ಕೆಲಸವಿಲ್ಲ. ಎತ್ತರದ ಆಳು, ಕೆಂಪು ಕಣ್ಣು, ಕಿವಿಗೆ ತಾಗುವ ಮೀಸೆ, ಹೆಗಲ ಮೇಲೆ ಟವೆಲ್. "ನಮಸ್ಕಾರ್ರೀ" ಎಂದಾಗ ಕಿಟಕಿಯ ಗಾಜು ಅದುರಿತು.

"ಈ ವಯಸ್ಸಿಗೆ ಯಾರೂ ಕೆಲಸಾ ಕೊಡವಲ್ರು. ಮನ್ಯಾಗ ಕುಂತ್ರ ಹೆಂಡ್ತಿ ಒದರಬ್ಯಾಡ್ರಿ ಅಂತಾಳ," ಎಂದರು. "ಎಲ್ಲೆರೆ ಒಂದ್ ಕಡೆ ಒದರಾಕ ಬಿಡ್ರಿ ಅಕ್ಕಾರ."

ಖಜಾಂಚಿ ಕೂಡಲೇ ಬೇಡವೆಂದರು. "ಮಾರಿ ನೋಡಿದ ಕೂಡ್ಲೆ ನಾ ಮನಷ್ಯಾನ ಅಳತಿ ಮಾಡ್ತೀನ್ರಿ. ಇಂವಾ ದವಾಖಾನಿಗೆ ಆಗೂ ಮನಷ್ಯಾ ಅಲ್ಲ. ನಮ್ಮ ಚರ್ಚಿನಾಂವನೂ ಅಲ್ಲ. ರೋಗಿಗಳು ಓಡಿ ಹೋಗ್ತಾರ."

ಹೀಗೆ ಹೇಳುವಾಗ ಅವರು ಬಾಗಿಲ ಕಡೆ ನೋಡುತ್ತಿದ್ದರು. ಕಾಕಾ ನಿಂತಿದ್ದದ್ದು ಕಿಟಕಿಯ ಹತ್ತಿರ. ಸಿಟ್ಟಿಗೆ ಮುಖ ತಿರುಗಿಸಿದ್ದಾರೆ ಎಂದುಕೊಂಡೆ.

ಅಕ್ಕಾರು ಜಗಳವಾಡುವವರಲ್ಲ, ಕಥೆ ಹೇಳುವವರು. "ಪ್ರವಾದಿ ಒಬ್ಬಾಂವ ಅರಸನ್ನ ಆರಸಾಕ ಒಂದ್ ಮನೀಗೆ ಹೋದ. ಎತ್ತರದವರು, ಚಂದನ್ನವರು, ಏಳು ಮಂದಿ ಮಕ್ಕಳು ಮುಂದ ಬಂದ್ರು. ದೇವರು ಒಬ್ಬನ್ನೂ ಒಪ್ಪಲಿಲ್ಲ. ಕುರಿ ಕಾಯಾಕ ಹೋದ ಸಣ್ಣಾಂವನ್ನ ಕರಸಿದ. ಮಂದಿ ಮಾರಿ ನೋಡ್ತೀವಿ, ದೇವರು ಒಳಗಿಂದು ನೋಡ್ತಾನ."

ಕಾಕಾ ಗಂಭೀರವಾಗಿ ತಲೆಯಾಡಿಸಿದರು.

"ಏಳು ಚೀಲಾ ಬಿಚ್ಚಿ ನೋಡಿ ಎಂಟನೇದು ಹಿಡದಾರ. ಖರೇ ವ್ಯಾಪಾರಸ್ಥರು ಬಿಡ್ರಿ ನಿಮ್ಮ ದೇವರು."

ಮೂರು ಶಿಬಿರ ನೋಡುವುದು, ಸರಿಹೋಗದಿದ್ದರೆ ಬಿಡಿಸುವುದು ಎಂದು ತೀರ್ಮಾನವಾಯಿತು.

೨. ರೋಣ

ರೋಣದ ಶಿಬಿರ ಒಂದು ಶಾಲೆಯ ಅಂಗಳದಲ್ಲಿ. ನಾನು ಒಳಗಿನ ಕೋಣೆಯಲ್ಲಿ ಗೋಡೆಗೆ ಪರೀಕ್ಷೆಯ ಬೋರ್ಡು ತೂಗುಹಾಕಿ ಕೂತೆ. ಕಾಕಾ ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡರು. ಮೊದಲ ಮೂರು ನಂಬರು ಸರಿಯಾಗಿ ಬಂದವು. ಆಮೇಲೆ ಹಳೆಯ ರೂಢಿ ಬಾಯಿಗೆ ಬಂತು.

"ನಾಕು! ನಾಕು ಒಂದನೇ ಸಲಾ! ನಾಕು ಎರಡನೇ ಸಲಾ!"

ಸರದಿಯಲ್ಲಿ ಒಬ್ಬ ಮುದುಕ ದಲಾಲರಿದ್ದರು. ಆ ಧ್ವನಿ ಕೇಳುತ್ತ ಬದುಕಿದವರು. ಯೋಚಿಸದೆ ಕೈ ಎತ್ತಿದರು: "ಐದು!"

"ಐದು ಆತು! ಐದರ ಮ್ಯಾಲೆ ಯಾರು?"

"ಎಂಟು!" ಎಂದು ಬೆಳವಣಕಿಯ ವ್ಯಾಪಾರಿ ಕೂಗಿದ. ದಲಾಲರು ಹನ್ನೆರಡಕ್ಕೆ ಏರಿಸಿದರು. ಅಂಗಳವೆಲ್ಲ ಎದ್ದು ನಿಂತಿತು. ಹೊರಗೇನೋ ಹೊಡೆದಾಟವೆಂದು ನಾನು ಏಳುವಷ್ಟರಲ್ಲಿ ಜಕ್ಕಲಿಯ ರೈತ ಅಜ್ಜ ಒಬ್ಬರು ಎದೆ ಉಬ್ಬಿಸಿ ಒಳಗೆ ಬಂದರು.

"ನಂಬರ್ ಎಷ್ಟ್ರಿ ಅಜ್ಜಾ?"

"ನಂದು ನಾಕನೇದವ್ವಾ."

"ಮತ್ತ ಇಷ್ಟ್ ತಡಾ ಯಾಕ?"

"ಇಷ್ಟ್ ವರ್ಷ ಮಾಲು ತಂದು ಸುಮ್ನ ನಿಂತು ನೋಡೇ ನೋಡಿದೆ. ಕೂಗಾವ್ರು ಅವರ, ಹಿಡಿಯಾವ್ರೂ ಅವರ. ಇವತ್ತ ಇಬ್ಬರೂ ವ್ಯಾಪಾರಸ್ಥರನ್ನ ಹಿಂದ ಹಾಕಿ ಇಪ್ಪತ್ತೆರಡಕ್ಕ ನಾನ ಹಿಡದೆ!"

೩. ನರಗುಂದ

ಸುದ್ದಿ ನಮಗಿಂತ ಮೊದಲೇ ಖಜಾಂಚಿಗೆ ಮುಟ್ಟಿತ್ತು. "ಒಂದ್ ಆತು. ಇನ್ನ ಎರಡು," ಎಂದು ಫೋನಿಟ್ಟರು.

ಅಕ್ಕಾರು ಕಾಕಾನಿಗೆ ಹೇಳಿದರು: "ನರಗುಂದದಾಗ ಬಾಯಿ ಬಿಚ್ಚಬ್ಯಾಡ್ರಿ."

"ಬಾಯಿ ಬಿಚ್ಚದ ಹ್ಯಾಂಗ್ರಿ ಕರೀಲಿ?"

"ನಿಮಗ ತಿಳದಂಗ ಕರೀರಿ."

ಅವರಿಗೆ ತಿಳಿದದ್ದು ಒಂದೇ. ನಮ್ಮ ಕಡೆಯ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ಹಿಡಿಯುತ್ತಾರೆ. ಎಷ್ಟು ಬೆರಳು ಒತ್ತಿದರೆ ಅಷ್ಟು ಸಾವಿರ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ.

ಕಾಕಾ ಸದ್ದಿಲ್ಲದೆ ಮೂರನೇ ನಂಬರಿನವರ ಹತ್ತಿರ ಹೋದರು. ಅವರ ಕೈಮೇಲೆ ಟವೆಲ್ ಹೊದಿಸಿದರು. ಮೂರು ಬೆರಳು ಒತ್ತಿದರು. ಅವರು ಬೆಚ್ಚಿ ಕೈ ಕೊಸರಿಕೊಂಡು ಗೇಟಿನ ಕಡೆ ನಡೆದರು. ನಾಲ್ಕನೆಯವರೂ ನಡೆದರು. ಐದನೆಯವರಂತೂ ಚಪ್ಪಲಿ ಹುಡುಕಲೂ ನಿಲ್ಲಲಿಲ್ಲ. ನಾನೂ ಅಕ್ಕಾರೂ ಬೆನ್ನು ಹತ್ತಿದೆವು.

"ಯಾಕ್ರಿ ಹೊಂಟ್ರಿ?"

ಮೂರನೇ ನಂಬರಿನವರು ಉರಿದುಬಿದ್ದರು. "ಬಿಟ್ಟಿ ಆಪರೇಷನ್ ಅಂತ ಕರಿಯೂದು, ಟವೆಲ್ ಕೆಳಗ ಮೂರು ಸಾವಿರ ಕೇಳೂದು! ಇದೇನ ದೇವರ ಕೆಲಸಾ?"

"ನನಗ ನಾಕು ಕೇಳಿದ," ಎಂದರು ನಾಲ್ಕನೆಯವರು.

ಐದನೇ ನಂಬರಿನವರು ಇಬ್ಬರ ರಟ್ಟೆಯನ್ನೂ ಹಿಡಿದೆಳೆದರು. "ನನಗ ಐದು! ಲಗೂ ನಡೀರೋ, ರೇಟ್ ಏರಾಕ ಹತ್ತೈತಿ!"

ಅವರನ್ನು ತಿಳಿಹೇಳಿ ಕರೆತರುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಾಕಾ ಬೇವಿನ ಮರದ ಕೆಳಗೆ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದರು. ಮೊದಲ ಸಲ ಅವರ ಧ್ವನಿ ಸಣ್ಣದಾಗಿತ್ತು.

"ಅಕ್ಕಾರ, ಎಂಟನೇ ಚೀಲದಾಗ ಹುಳಾ ಅದಾವ ಕಾಣತೈತಿ."

ಅಕ್ಕಾರು ಊಟದ ಡಬ್ಬಿ ಅವರ ಮುಂದಿಟ್ಟರು. "ಇನ್ನೂ ಒಂದು ಶಿಬಿರ ಐತಲ್ರಿ. ಜರಡಿ ಹಿಡದು ನೋಡೂಣು. ಮೊದಲ ರೊಟ್ಟಿ ತಿನ್ರಿ."

೪. ಗಜೇಂದ್ರಗಡ

ಮೂರನೆಯದು ಆಪರೇಷನ್ ದಿನ. ಖಜಾಂಚಿ ತಾವೇ ಬಂದರು. ಕಾಕಾನನ್ನು ಎಲ್ಲರೆದುರು ಬಿಡಿಸಿಯೇ ಹೋಗಬೇಕೆಂದು ಬಂದದ್ದು. ಒಳಗೆ ಬಂದವರೇ ಮೂಲೆಯ ಕಡೆ ತಿರುಗಿ ಶುರುಮಾಡಿದರು.

"ರೋಣದಾಗ ಮಾನಾ ಕಳದಿ. ನರಗುಂದದಾಗ ಮಂದೀನ್ನ ಓಡಿಸಿದಿ. ನಾನು ಮಾತಾಡಾಕ ಹತ್ತೀನಿ, ಎದುರಿಗೆ ಸೆಟದು ನಿಂತೀಯಲ್ಲ! ಒಂದ್ ನಮಸ್ಕಾರರೆ ಮಾಡಬಾರದ?"

ಮೂಲೆಯಲ್ಲಿದ್ದದ್ದು ಗೂಟಕ್ಕೆ ತೂಗುಹಾಕಿದ ಡಾಕ್ಟರ ಬಿಳಿ ಕೋಟು.

ಕಾಕಾ ಹಿಂದಿನಿಂದ ಮೆಲ್ಲಗೆ ಹೇಳಿದರು: "ಸಾಹೇಬ್ರ, ನಾ ಇಲ್ಲಿ ಅದೀನ್ರಿ. ನಮಸ್ಕಾರ್ರೀ."

ಅಕ್ಕಾರು ಖಜಾಂಚಿಯವರ ಕೈಹಿಡಿದು ನನ್ನ ಕುರ್ಚಿಯಲ್ಲಿ ಕೂರಿಸಿದರು. ಬೋರ್ಡಿನ ದೊಡ್ಡ ಅಕ್ಷರ ತೋರಿಸಿದೆ. "ಬೋರ್ಡು ಎಲ್ಲೈತವ್ವಾ?" ಎಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನದು ಪೂರ್ತಿ ಹಣ್ಣಾಗಿತ್ತು. ಬಿ.ಪಿ., ಶುಗರ್ ಸರಿಯಿದ್ದವು. ಡಾಕ್ಟರು ಅವತ್ತೇ ಮಾಡೋಣವೆಂದರು. ಖಜಾಂಚಿ ಬಾಗಿಲು ಎಲ್ಲಿದೆಯೆಂದು ಕೈಯಾಡಿಸಿ ನೋಡಿದರು. ಅಂಗಳದ ತುಂಬ ಅವರೇ ಧೈರ್ಯ ಹೇಳಿ ಕರೆತಂದ ರೋಗಿಗಳಿದ್ದರು. ಓಡುವಂತಿರಲಿಲ್ಲ.

ಅವರಿಗಿಂತ ಮೊದಲು ಹೊಳೆಮಣ್ಣೂರಿನ ಅಜ್ಜಿಯ ಸರದಿ. ಈ ಆಪರೇಷನ್ನಿಗೆ ಕಣ್ಣಷ್ಟೇ ಮರಗಟ್ಟಿಸುತ್ತಾರೆ, ಎಚ್ಚರವಿರುತ್ತದೆ. ಮಾತಾಡಬಾರದು, ತಲೆ ಅಲುಗಿಸಬಾರದು. ಅಜ್ಜಿ ಗಳಿಗೆಗೊಮ್ಮೆ "ಮುಗೀತೇನೋ ಯಪ್ಪಾ?" ಎನ್ನುತ್ತಿದ್ದಳು. ಡಾಕ್ಟರು ಮತ್ತೆ ಮತ್ತೆ ಕೈ ತಡೆಯಬೇಕಾಯಿತು.

ಅಕ್ಕಾರು ಸ್ವಲ್ಪ ಯೋಚಿಸಿದರು. ಹೊರಗೆ ಹೋಗಿ ಕಾಕಾನನ್ನು ಕರೆದರು. ಗೌನು, ಟೋಪಿ ಹಾಕಿಸಿದರು. ಒಂದು ಮಾಸ್ಕಿನಲ್ಲಿ ಮೀಸೆ ಹಿಡಿಯಲಿಲ್ಲ, ಎರಡು ಬೇಕಾದವು.

"ಬಟ್ಟಿ ಕೆಳಗ ಆಯೀ ಕೈ ಹಿಡೀರಿ. ಇನ್ನ ಎಷ್ಟ್ ನಿಮಿಷ ಐತಿ ಅಂತ ಬೆರಳಿಲೆ ಹೇಳ್ರಿ. ಇದು ನಿಮಗ ಬರತೈತಲ್ಲ?"

"ಇದ ಬರತೈತ್ರಿ," ಎಂದರು ಕಾಕಾ.

ಆಮೇಲೆ ಅಜ್ಜಿ ತುಟಿ ಬಿಚ್ಚಲಿಲ್ಲ. ಹೊರಗೆ ಬಂದವಳು, "ಕೈ ಹಿಡದಾಂವ ಯಾರ ಮಗಾನೋ, ಅವನ ಹೊಟ್ಟಿ ತಣ್ಣಗಿರಲಿ," ಎಂದಳು. ಅವಳೂ ಕಾಕಾನ ಮುಖ ನೋಡಿರಲಿಲ್ಲ.

ಆಮೇಲೆ ಖಜಾಂಚಿ ಮಲಗಿದರು. ಪ್ರಾಯದಲ್ಲಿ ದನದ ಸಂತೆ ಒಂದನ್ನೂ ತಪ್ಪಿಸಿದವರಲ್ಲ. ಹಸಿರು ಬಟ್ಟೆಯ ಕೆಳಗೆ ಕಾಕಾ ಐದು ಬೆರಳು ಎರಡು ಸಲ ಒತ್ತಿದರು: ಹತ್ತು ನಿಮಿಷ. ಸ್ವಲ್ಪ ಹೊತ್ತಿನಲ್ಲಿ ಬಟ್ಟೆ ಅಲುಗಾಡತೊಡಗಿತು. ಡಾಕ್ಟರು ಕತ್ತೆತ್ತಿದರು.

"ಅಲ್ಲಿ ಕೆಳಗ ಏನ್ ನಡದೈತ್ರಿ?"

ಕಾಕಾ ಪಿಸುಗುಟ್ಟಿದರು. "ನಾ ಹತ್ತು ಅಂದ್ನಿರಿ. ಸಾಹೇಬ್ರು ಐದು ಹಿಡದ್ರು. ಕಡೀಗೆ ಏಳಕ್ಕ ಬಂದೈತಿ. ನಿಮಗ ಆಗತೈತೇನ್ರಿ ಡಾಕ್ಟರ?"

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದೆ. ಕಣ್ಣು ಬಂದಿದೆಯೇ ಎಂದು ನೋಡಲು ದೂರದಿಂದ ಬೆರಳು ತೋರಿಸುವುದು ನಮ್ಮ ಪದ್ಧತಿ. ಅಕ್ಕಾರು ಕಾಕಾನನ್ನೇ ಬಾಗಿಲಲ್ಲಿ ನಿಲ್ಲಿಸಿದರು. ಕಾಕಾ ಕೈ ಎತ್ತಿದರು.

"ಎಷ್ಟು ಬೆರಳ್ರಿ?" ಎಂದು ಕೇಳಿದೆ.

ಖಜಾಂಚಿ ಬೆರಳು ನೋಡಲಿಲ್ಲ. "ಅಂವಾ ಯಾರವ್ವಾ, ಅಷ್ಟ್ ದೊಡ್ಡ ಮೀಸಿಯಾಂವ?"

"ನಮ್ಮ ಕಾಕಾರಿ. ನಿನ್ನೆ ನಿಮ್ಮ ಕೈ ಹಿಡದವರು."

ಖಜಾಂಚಿ ಬಹಳ ಹೊತ್ತು ನೋಡಿದರು. "ಇಂಥಾ ಮೀಸಿ ಐತಂತ ಒಬ್ಬರರೆ ನನಗ ಹೇಳಬಾರದ? ಮೊದಲ ಕಂಡಿದ್ರ ಒಂದ್ ಶಿಬಿರಾನೂ ಕೊಡ್ತಿದ್ದಿಲ್ಲ!"

"ಅದಕ್ಕ ದೇವರು ನಿಮಗ ತಡಾ ಮಾಡಿ ತೋರಿಸ್ಯಾನ್ರಿ," ಎಂದರು ಅಕ್ಕಾರು. "ಮೂರು ಶಿಬಿರ ಮುಗದ್ವು. ಇನ್ನ ಹ್ಯಾಂಗ ಮಾಡೂಣು?"

ಕಾಕಾ ಎತ್ತಿದ ಕೈ ಇಳಿಸಿರಲೇ ಇಲ್ಲ. ಖಜಾಂಚಿ ಬಲಗೈ ಮುಂದೆ ಚಾಚಿದರು. ಕಾಕಾ ಹತ್ತಿರ ಬಂದು ಟವೆಲ್ ಹೊದಿಸಿ ಅದನ್ನು ಹಿಡಿದರು. ಖಜಾಂಚಿ ತಲೆ ಅಲ್ಲಾಡಿಸಿದರು. ಕಾಕಾನೂ ಅಲ್ಲಾಡಿಸಿದರು. ಟವೆಲ್ ಇನ್ನೆರಡು ಸಲ ಅಲುಗಿತು. ಆಮೇಲೆ ಇಬ್ಬರೂ ನಕ್ಕರು.

"ಎಷ್ಟು ವರ್ಷದ ಕೆಲಸಕ್ಕ ಆತ್ರಿ?" ಎಂದು ಅಕ್ಕಾರು ಕೇಳಿದರು.

ಕಾಕಾ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ ಬೆರಳು ಎತ್ತಿದರು.

ಐದು.