ಮೈದುನನ ಜಪಾನಿ ಬೆಂಕಿ

ನನ್ನ ಮೈದುನನಷ್ಟು ಓದಿದ ಪೆದ್ದ ಕಲ್ಲುಗುಂಡಿಯಿಂದ ಸುಳ್ಯದವರೆಗೆ ಇನ್ನೊಬ್ಬನಿರಲಿಲ್ಲ! ಬೇಕಾದರೆ ಅವನನ್ನೇ ಕೇಳಿ ಎನ್ನುತ್ತಿದ್ದೆ, ಈಗ ಅವನಿಲ್ಲ.

ಎಂಬತ್ತರ ಆಸುಪಾಸಿನಲ್ಲಿ ಮಂಗಳೂರಿನಿಂದ ಒಂದು ಹಳೆಯ ಜಪಾನಿ ಪಂಪು ತಂದ. ಪೆಟ್ರೋಲಿನದ್ದು. ಜೊತೆಗಿದ್ದ ಪುಸ್ತಕವೂ ಜಪಾನಿಯಲ್ಲಿ. ಬೇರೆಯವರಾದರೆ ಹಗ್ಗ ಎಳೆದು ಚಾಲು ಮಾಡುತ್ತಿದ್ದರು. ಇವನು? ಪುಸ್ತಕ ಓದದೆ ಯಂತ್ರ ಮುಟ್ಟಬಾರದೆಂದು ಆ ಭಾಷೆಯನ್ನೇ ಕಲಿಯಲು ಕೂತ! ಒಂದು ವರ್ಷ ಪಂಪು ಗೋಣಿ ಹೊದ್ದು ಮಲಗಿತು. ನಾನು ನೀರು ಹೊತ್ತೆ.

ದಿನಕ್ಕೊಂದು ಅಕ್ಷರ, ಇದ್ದಿಲಿನಲ್ಲಿ, ನನ್ನ ಒಲೆಯ ಮೇಲಿನ ಗೋಡೆಗೆ. ಒಂದು ಮರ ಬರೆದರೆ ಮರ, ಮೂರು ಬರೆದರೆ ಕಾಡಂತೆ. ಸಂಪಾಜೆ ಘಾಟಿಯ ಕಾಡು ಬರೆಯಲು ಗೋಡೆ ಸಾಕಾದೀತೇ?

"ಅತ್ತಿಗೆ, ಇದು ನೋಡಿ. ಮಾಡಿನ ಅಡಿಯಲ್ಲಿ ಹೆಂಗಸು ಕೂತಿದ್ದಾಳೆ. ಅರ್ಥ ನೆಮ್ಮದಿ!"

"ಆ ಮಾಡಿನ ಅಡಿಯಲ್ಲಿ ಮೈದುನ ಇಲ್ಲವಲ್ಲ, ಹಾಗೆ."

ಇನ್ನೊಂದು ದಿನ ಕಾಲಗಲಿಸಿ ನಿಂತ ಮನುಷ್ಯನನ್ನು ಬರೆದು, ಎರಡು ಪಕ್ಕಕ್ಕೂ ಒಂದೊಂದು ಕಿಡಿ ಇಟ್ಟ. ಅದರ ಅರ್ಥ ಬೆಂಕಿ ಅಂತೆ. ಒಂಟಿಯಾಗಿದ್ದರೆ 'ಹಿ' ಎನ್ನಬೇಕು, ಬೇರೆ ಅಕ್ಷರದ ಜೊತೆ ಸೇರಿದರೆ 'ಕ'.

"ಎರಡೆರಡು ಎಂತಕ್ಕೆ? ಹೇಗೆ ಕರೆದರೂ ಸುಡುದಲ್ವಾ ಮಾರಾಯ?"

"ನಿಮಗೆ ಕನ್ನಡವೇ ಬರುದಿಲ್ಲ ಅತ್ತಿಗೆ, ಇದು ಎಲ್ಲಿ ಗೊತ್ತಾಗ್ತದೆ?"

ಸುಳ್ಳಲ್ಲ. ಹೆಬ್ಬೆಟ್ಟಿನಿಂದ ಸಹಿಯವರೆಗೆ ಮಾತ್ರ ಬಂದವಳು ನಾನು.

ಕೊನೆಗೂ ಚಾಲು ಮಾಡುವ ದಿನ ಬಂತು. ಪಂಪಿಗೆ ಕುಂಕುಮ, ಹೂವು, ಪೂಜೆ. ಮುಚ್ಚಳ ತೆಗೆದು ಪೆಟ್ರೋಲು ಸುರಿದ. ಅರ್ಧ ಮೈಮೇಲೆ ಚೆಲ್ಲಿಕೊಂಡ. ಅತ್ತೆ ಕರ್ಪೂರ ಹಚ್ಚಿ ತಟ್ಟೆಯನ್ನು ಅವನ ಕೈಗೆ ಕೊಟ್ಟರು. ಒಲೆಯ ಕೊಳ್ಳಿಯಾಗಿದ್ದರೆ ಯಾರಾದರೂ ದೂರ ಇಡು ಎನ್ನುತ್ತಿದ್ದರು. ಆರತಿಯ ಬೆಂಕಿಗೆ ಹಾಗೆ ಹೇಳುವವರು ಯಾರು?

ತಟ್ಟೆ ಎತ್ತಿದವನಿಗೆ ಟ್ಯಾಂಕಿನ ಮೇಲೆ ನಾಲ್ಕು ಕೆಂಪು ಅಕ್ಷರ ಕಂಡವು. ಕೈ ಅಲ್ಲೇ ನಿಂತಿತು, ಟ್ಯಾಂಕಿನ ಬಾಯಿಂದ ಒಂದು ಗೇಣು ದೂರದಲ್ಲಿ!

"ತಡೀರಿ... ಇಲ್ಲಿ 'ಹಿ'ಯಾ, 'ಕ'ವಾ? ಪಕ್ಕದಲ್ಲಿ ಜೊತೆ ಉಂಟಲ್ಲ..."

ಗಾಳಿಗೆ ಉರಿ ಟ್ಯಾಂಕಿನ ಕಡೆ ಬಾಗಿತು. ನಾನೂ ನೋಡಿದೆ. ಕಾಲಗಲಿಸಿದವನು, ಎರಡು ಕಿಡಿ. ದಿನಾ ಒಲೆ ಊದುವಾಗ ಎದುರಿಗೆ ನಿಂತವನೇ!

"ನಿನ್ನ ಮಂಡೆ ಸರಿ ಉಂಟಾ? ಬೆಂಕಿ ಅಂತ ಬರೆದದ್ದು ಅದು!"

ತಟ್ಟೆ ಕಸಿದು ಅಂಗಳದಾಚೆ ಎಸೆದೆ. "ಅಪಶಕುನ!" ಎಂದು ಅತ್ತೆ ಕಿರುಚಿದರು. ಮಗ ಹೊತ್ತಿ ಉರಿದಿದ್ದರೆ ಶುಭಶಕುನವೇ?

ಮೈದುನ ಪೆಟ್ರೋಲು ತೊಟ್ಟಿಕ್ಕುವ ಅಂಗಿಯನ್ನೇ ನೋಡುತ್ತಾ ನಿಂತ. ಆಮೇಲೆ ಮೆಲ್ಲಗೆ ಹೇಳಿದ: "ನಾನು ಉಚ್ಚಾರ ಹುಡುಕ್ತಾ ಇದ್ದೆ. ಓದಿದ್ದು ನೀವು, ಅತ್ತಿಗೆ."

ಮರುದಿನ ಬೆಳಿಗ್ಗೆ ಗೋಡೆಯ ಮೇಲಿನ ಆ ಜಪಾನಿ ಬೆಂಕಿಯ ಕೆಳಗೆ ಕನ್ನಡದಲ್ಲಿ ದೊಡ್ಡದಾಗಿ ಏನೋ ಬರೆದು, ಇದ್ದಿಲು ನನ್ನ ಮುಂದೆ ಹಿಡಿದ.

"ಇದೂ ಬೆಂಕಿಯೇ. ಇದಕ್ಕೆ ಉಚ್ಚಾರ ಒಂದೇ. ಬರೀರಿ."

ಬರೆದೆ. ಸೊಟ್ಟಗಾಯಿತು. ಅವನು ನಗಲಿಲ್ಲ. ಹೊರಗೆ ಪಂಪು ಓಡುತ್ತಿತ್ತು. ಒಂದು ವರ್ಷದ ಮೇಲೆ ನನ್ನ ಎರಡು ಕೈಯೂ ಬಿಡುವಾಗಿದ್ದವು.